ಹರಿಹರಪುರದವರೆಗೆ ಲೈನ್ ಸರಿ ಇತ್ತು

ಶೃಂಗೇರಿಯ ಮುಚ್ಚಳ ನಿನ್ನೆ ಸಂಜೆಯಿಂದ ಬಿದ್ದಿರಲಿಲ್ಲ. ಬೋರ್ಡಿನ ತುಂಬ ಸಾಲಾಗಿದ್ದ, ಹೆಬ್ಬೆರಳಿನ ಉಗುರಿನಷ್ಟಗಲದ ಹಿತ್ತಾಳೆ ಮುಚ್ಚಳಗಳಲ್ಲಿ ಉಳಿದವೆಲ್ಲ ಬೆಳಗಿನಿಂದ ಒಂದರ ಹಿಂದೆ ಒಂದು ಬೀಳುತ್ತಲೇ ಇದ್ದವು: ಸೊಸೈಟಿ, ಆಸ್ಪತ್ರೆ, ಬಸರೀಕಟ್ಟೆ ಕಡೆಯ ಎಸ್ಟೇಟು, ನರಸಿಂಹರಾಜಪುರ. ಆ ಕಡೆಯವರು ಫೋನಿನ ಹಿಡಿ ತಿರುವಿದರೆ ಈ ಕಡೆ ಅವರ ಮುಚ್ಚಳ ಟಕ್ಕೆಂದು ಬೀಳಬೇಕು. ತ್ರಿಪುರಸುಂದರಿ ಅದರ ಕೆಳಗಿನ ತೂತಿಗೆ ಪ್ಲಗ್ಗು ಚುಚ್ಚಿ ‘ಕೊಪ್ಪ’ ಎನ್ನಬೇಕು. ಯಾರು ಬೇಕೆಂದು ಕೇಳಿ, ಜೋಡಿಸಿ, ತಾನು ಹೊರಗೆ ಸರಿಯಬೇಕು. ಈ ಎಕ್ಸ್‌ಚೇಂಜಿಗೆ ಸೇರಿದಾಗ ಅವಳಿಗೆ ಇಪ್ಪತ್ತೊಂದು. ಈಗ ತಲೆಯ ಮೇಲೆ ಹೆಡ್‌ಫೋನಿನ ಪಟ್ಟಿ ಕೂರುವ ಜಾಗದಲ್ಲಿ ಕೂದಲು ತೆಳ್ಳಗಾಗಿದೆ. ಮೊನ್ನೆ ಹೆಣ್ಣು ನೋಡಲು ಬಂದವರ ಕಣ್ಣಿಗೆ ಅದು ಬಿದ್ದಿರಬಹುದೇ ಎಂದು ಅವಳು ಇವತ್ತೂ ಯೋಚಿಸಿದಳು. ಅಮ್ಮ ಆ ಜಾಗಕ್ಕೇ ಸರಿಯಾಗಿ ಕನಕಾಂಬರ ಮುಡಿಸಿದ್ದಳು. ಮುಚ್ಚಿಡುವುದಕ್ಕೆ ಮುಡಿಸಿದ ಹೂವೇ ಅಲ್ಲಿಗೆ ಕಣ್ಣು ಕರೆಯುತ್ತದೆ ಎಂಬುದು ಅಮ್ಮನಿಗೆ ಹೊಳೆದಿರಲಿಲ್ಲ. ಬಂದವರು ಶೃಂಗೇರಿಯವರು. ಹುಡುಗ ಎಂದು ಕರೆಯಬೇಕಾದವನಿಗೆ ನಲವತ್ತರ ಹತ್ತಿರ. ಮೊದಲ ಹೆಂಡತಿ ತೀರಿಕೊಂಡು ಒಂದು ಹೆಣ್ಣುಮಗು ಇತ್ತು. ಅವನು ಗೋಡೆಯ ಗಡಿಯಾರ ನೋಡುತ್ತ ಕೂತಿದ್ದ. ಮಾತೆಲ್ಲ ಅವನ ಅಣ್ಣನದು. ತೀರ್ಥಹಳ್ಳಿ ಕಡೆಯದೂ ಒಂದು ಸಂಬಂಧ ಇದೆ, ಗುರುವಾರದ ಒಳಗೆ ಎರಡರಲ್ಲಿ ಒಂದು ಅಂತ ಮಾಡಬೇಕು, ಹುಡುಗಿ ಕೆಲಸ ಬಿಡುತ್ತಾಳೋ ಇಲ್ಲವೋ ಅಷ್ಟು ಯೋಚಿಸಿ ಇಟ್ಟಿರಲಿ, ಗುರುವಾರ ಮಧ್ಯಾಹ್ನ ಫೋನಿನಲ್ಲಿ ಕೇಳಿ ಗಟ್ಟಿ ಮಾಡುತ್ತೇವೆ ಎಂದಿದ್ದರು. ಅಪ್ಪ, ನಮ್ಮ ಮನೆಯಲ್ಲಿ ಫೋನಿಲ್ಲವಲ್ಲ ಎಂದಾಗ ಆ ಅಣ್ಣ ನಕ್ಕು, “ಹುಡುಗಿ ಕೂರೋದೇ ಫೋನಿನ ಬುಡದಲ್ಲಿ ಅಲ್ವನ್ರೀ” ಎಂದಿದ್ದರು. ಅವಳು ಅವತ್ತು ಆಡಿದ್ದು ಎರಡೇ ಮಾತು. ಹೂಂ ಎಂದು ಒಂದು, ಇನ್ನು ಸ್ವಲ್ಪ ಉಪ್ಪಿಟ್ಟು ಹಾಕಲಾ ಎಂದು ಒಂದು. ಇವತ್ತು ಗುರುವಾರ.

ಹೀಗಾಗಿ ಸತ್ತ ಲೈನಿನ ಸುದ್ದಿ ಬರಿಯ ಇಲಾಖೆಯ ಸುದ್ದಿಯಾಗಿ ಉಳಿದಿರಲಿಲ್ಲ. ಫೋನ್ ಇನ್ಸ್‌ಪೆಕ್ಟರ್ ದತ್ತಮೂರ್ತಿ ಬೆಳಿಗ್ಗೆ ಬಾಗಿಲಲ್ಲೇ, “ನಿನ್ನ ಮದುವೆ ಈಗ ಡಿಪಾರ್ಟ್‌ಮೆಂಟಿನ ಮರ್ಯಾದೆ ಪ್ರಶ್ನೆ ಮಾರಾಯ್ತಿ” ಎಂದು ಕೂಗಿ ಹೇಳಿದ್ದರು. ಅವರು ಕೆಟ್ಟವರಲ್ಲ. ಕೆಟ್ಟವರಲ್ಲದವರ ತಮಾಷೆಗೆ ಎದುರು ಮಾತಾಡಲು ಬಾರದೆ ಅವಳು ನಗಬೇಕಾಯಿತು. ಅವರ ಹಿಂದೆ ನಿಂತಿದ್ದ ಲೈನ್‌ಮನ್ ಅಸಾದುಲ್ಲಾ ಮಾತ್ರ ನಕ್ಕಿರಲಿಲ್ಲ. ಸೈಕಲ್ಲಿಗೆ ತಂತಿಯ ಸುರುಳಿ ಕಟ್ಟುತ್ತ, “ಮಧ್ಯಾಹ್ನದ ಒಳಗೆ ಲೈನ್ ಕೊಡ್ತೇನೆ ಅಕ್ಕಾ, ನೀವು ಎಂತದೂ ಮಂಡೆಬಿಸಿ ಮಾಡ್ಕೋಬೇಡಿ” ಎಂದ. ಆಮೇಲೆ ಪೆಡಲಿನ ಮೇಲೆ ಕಾಲಿಟ್ಟು ತಿರುಗಿ, “ನಮ್ಮಮ್ಮಿಗೆ ಮೊನ್ನೆಯಿಂದ ಉಬ್ಬಸ ಜಾಸ್ತಿ. ಎನ್ನಾರ್‌ಪುರದಿಂದ ಎಂತಾದ್ರೂ ಬಂದ್ರೆ ಕಂಬಕ್ಕೇ ಹೇಳಿಬಿಡಿ” ಎಂದು ಸೇರಿಸಿದ. ಹೇಳುತ್ತೇನೆ ಎಂದು ಅವಳು ಅಂದದ್ದು ನಿಜ. ಅಂದಾಗ ಮನಸ್ಸಿನಲ್ಲಿ ಬೇರೆ ಏನೂ ಇರಲಿಲ್ಲ ಎಂಬುದೂ ನಿಜ.

ಲೈನ್ ಕೆಟ್ಟರೆ ಕೆಟ್ಟ ಜಾಗ ಹುಡುಕುವುದಕ್ಕೆ ಇರುವುದು ಒಂದೇ ದಾರಿ. ಲೈನ್‌ಮನ್ ರಸ್ತೆಗುಂಟ ಹೋಗುತ್ತ, ಗೊತ್ತಾದ ಕೆಲವು ಕಂಬಗಳನ್ನು ಹತ್ತುತ್ತಾನೆ. ಅಲ್ಲಿ ತಂತಿ ಬಿಚ್ಚಿ ಮುಂದಿನ ಭಾಗವನ್ನು ಬೇರೆ ಮಾಡಿ, ಚೀಲದಲ್ಲಿರುವ ಟೆಸ್ಟ್ ಫೋನನ್ನು ಹಿಂದಿನ ಭಾಗಕ್ಕೆ ಸಿಕ್ಕಿಸಿ ಕೂಗುತ್ತಾನೆ. ಕೊಪ್ಪ ಓಗೊಟ್ಟರೆ ಅಲ್ಲಿಯವರೆಗೆ ಲೈನ್ ಸರಿ, ದೋಷ ಇನ್ನೂ ಮುಂದೆ. ಓಗೊಡದಿದ್ದರೆ ದೋಷ ಹಿಂದೆ ಉಳಿಯಿತು ಎಂದು ತಿರುಗಿ ಬರುತ್ತಾನೆ. ಕಂಬ ಕಂಬ ಹತ್ತಬೇಕಾಗಿಲ್ಲ. ಅವನು ಹೋದ ಮೇಲೆ ತ್ರಿಪುರಸುಂದರಿ ಎಸ್ಟೇಟಿನ ರೈಟರಿಗೂ ಅಡಿಕೆ ಮಂಡಿಗೂ ಪ್ಲಗ್ಗು ಚುಚ್ಚುತ್ತ, ತನ್ನನ್ನೂ ಹೀಗೆಯೇ ಅಲ್ಲಲ್ಲಿ ಬಿಚ್ಚಿ ನೋಡಿಕೊಂಡಳು. ಹೈಸ್ಕೂಲಿನವರೆಗೆ ಸರಿ ಇತ್ತು. ಕೆಲಸ ಸಿಕ್ಕಿ ಮೊದಲ ಸಂಬಳದಲ್ಲಿ ಅಪ್ಪನಿಗೆ ಶಾಲು ತಂದ ದಿನದವರೆಗೂ ಸರಿ ಇತ್ತು. ತಂಗಿಯ ಮದುವೆ ಮೊದಲು ಆಗಿಹೋಗಲಿ ಎಂದು ತಾನೇ ಹೇಳಿದ್ದು, ಹೇಳಿದ ಕೂಡಲೇ ಮನೆಯವರೆಲ್ಲ ಒಪ್ಪಿಬಿಟ್ಟಿದ್ದು. ಅಷ್ಟು ಬೇಗ ಒಪ್ಪುತ್ತಾರೆಂದು ತಿಳಿದಿದ್ದರೆ ಹೇಳುತ್ತಿದ್ದಳೇ? ಅಲ್ಲೇ ಎಲ್ಲೋ ಆ ಕಡೆಯಿಂದ ದನಿ ಬರುವುದು ನಿಂತಿತು. ಈಗ ಊರಿನವರಿಗೆ ಅವಳ ದನಿ ಗೊತ್ತು, ಮುಖ ಗೊತ್ತಿಲ್ಲ. ಸಂತೆಯಲ್ಲಿ ಬದನೆಕಾಯಿಗೆ ಚೌಕಾಸಿ ಮಾಡುವಾಗ ಪಕ್ಕದಲ್ಲಿದ್ದವರು ತಿರುಗಿ, “ಓಹೋ, ಎಕ್ಸ್‌ಚೇಂಜಿನವರಾ?” ಎನ್ನುತ್ತಾರೆ.

ಒಂಬತ್ತು ಕಳೆದಿರಬೇಕು, ಎಲ್ಲರ ಬಾಯಲ್ಲಿ ಎನ್ನಾರ್‌ಪುರವಾದ ನರಸಿಂಹರಾಜಪುರದ ಮುಚ್ಚಳ ಬಿತ್ತು. ಅಲ್ಲಿಯ ಆಪರೇಟರ್ ಲಲಿತಮ್ಮ ಎಂದಿನಂತೆ ತಿಂಡಿಯ ಮಾತೆತ್ತದೆ, “ಸುಂದರಿ, ಬಸ್‌ಸ್ಟ್ಯಾಂಡಿನ ಶರೀಫ್ ಅಂಗಡಿಯಿಂದ ಮಾತಾಡ್ತಾರೆ, ತಗೋ” ಎಂದಳು. ಶರೀಫ್ ಅಸಾದುಲ್ಲಾನ ತಂಗಿಯ ಗಂಡ. ಏದುಸಿರಿನಲ್ಲಿದ್ದ. “ಅಮ್ಮಿ ಹೋಗ್ಬಿಟ್ರು ಮೇಡಮ್. ಬೆಳಿಗ್ಗೆ ಕೂತಲ್ಲೇ ಹೋಗ್ಬಿಟ್ರು. ಭಾವನ್ನ ಕೂಡ್ಲೇ ಕಳಿಸಿ.” ಅವಳು, ಅಯ್ಯೋ ಎಂದಳು. ಲೈನ್ ಮೇಲೆ ಹೋಗಿದ್ದಾರೆ, ಮಾತಿಗೆ ಸಿಕ್ಕ ಕೂಡಲೇ ಹೇಳುತ್ತೇನೆ ಎಂದಳು. ಅಸಾದುಲ್ಲಾನ ತಾಯಿ ಬೀಬಿ ಜಾನ್ ಒಮ್ಮೆ ಇದೇ ಕೋಣೆಗೆ ಬಂದಿದ್ದಳು, ಆ ದನಿ ಎಲ್ಲಿ ಕೂತುಕೊಳ್ಳುತ್ತದೆಂದು ನೋಡಬೇಕು ಎಂದು ಮಗನನ್ನು ಕಾಡಿಸಿ. ಬೋರ್ಡನ್ನೂ ಅವಳನ್ನೂ ನೋಡಿ, ಗಲ್ಲ ಹಿಡಿದು, “ಇಂಥ ಹುಡುಗೀನ ಈ ತಂತಿ ನಡುವೆ ಕಟ್ಟಿಹಾಕಿದಾರಲ್ಲ” ಎಂದು ಮಗನಿಗೇ ಬೈದಿದ್ದಳು. ಬೆರಳಿನಲ್ಲಿ ಲವಂಗದ ವಾಸನೆ ಇತ್ತು. ಆ ಮುದುಕಿ ಸತ್ತಳೆಂಬ ದುಃಖ ತ್ರಿಪುರಸುಂದರಿಯಲ್ಲಿ ಪ್ರಾಮಾಣಿಕವಾಗಿಯೇ ಎದ್ದಿತು. ಅದರ ಬೆನ್ನಿಗೇ ಇನ್ನೊಂದು ಯೋಚನೆಯೂ ಎದ್ದಿತು, ಮತ್ತು ಅದು ಮೊದಲಿನದಕ್ಕಿಂತ ನಿಚ್ಚಳವಾಗಿತ್ತು: ಅಸಾದುಲ್ಲಾ ಹೊರಟುಹೋದರೆ ಲೈನ್ ನೋಡುವವರಿಲ್ಲ. ಇನ್ನೊಬ್ಬ ಲೈನ್‌ಮನ್ ರಜೆಯ ಮೇಲಿದ್ದ.

ಅವಳು ದತ್ತಮೂರ್ತಿಗೆ ಹೇಳಿದಳು. ಅವರು ಜಯಪುರಕ್ಕೆ ಹೊರಟು ಹೆಲ್ಮೆಟ್ಟು ಹುಡುಕುತ್ತಿದ್ದರು. “ಛೆ ಛೆ, ಪಾಪ” ಎಂದು ಒಂದು ಕ್ಷಣ ನಿಂತರು. “ಎಂತ ಮಾಡದು? ಶೃಂಗೇರಿ ಲೈನಿಗೆ ಚಿಕ್ಕಮಗಳೂರಿನವರು ನಿನ್ನೆಯಿಂದ ನನ್ನ ಜೀವ ತಿಂತಿದಾರೆ. ಆದ್ರೂ ಹೆತ್ತ ತಾಯಿ… ನಿನಗೆ ಹೆಂಗೆ ಕಾಣ್ತದೋ ಹಂಗೆ ಮಾಡು ಮಾರಾಯ್ತಿ. ಅವನ ಜೊತೆ ಮಾತಾಡೋಳು ನೀನು.” ಸ್ಕೂಟರಿನ ಸದ್ದು ತಿರುವಿನಲ್ಲಿ ಕರಗಿತು. ಅವರು ಹೇಳಬೇಡ ಎಂದು ಆಜ್ಞೆ ಮಾಡಿ ಹೋಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು.

ಅಜ್ಜಿ ಸತ್ತಾಗ ತ್ರಿಪುರಸುಂದರಿ ಚಿಕ್ಕವಳು. ದೊಡ್ಡಪ್ಪ ಮುಂಬಯಿಯಿಂದ ಬರಬೇಕಿತ್ತು. ತಂತಿ ಕೊಟ್ಟು ಎರಡು ದಿನ ಅಜ್ಜಿಯನ್ನು ಜಗಲಿಯಲ್ಲಿ ಮಲಗಿಸಿ ಕಾದಿದ್ದರು. ಸುತ್ತ ಅರಿಸಿನದ ಗೆರೆ ಎಳೆದಿದ್ದರೂ ಇರುವೆ ಬರುತ್ತಿದ್ದವು. ಅವುಗಳನ್ನು ಓಡಿಸುವುದಕ್ಕೆ ಅವಳನ್ನು ಕೂರಿಸಿದ್ದರು. ಬಂದ ನೆಂಟರೆಲ್ಲ ಹಿರೀಮಗ ಬರದೆ ಬೆಂಕಿ ಇಡುವವರು ಯಾರು ಎಂದು ಮತ್ತೆ ಮತ್ತೆ ಹೇಳುತ್ತಿದ್ದರು. ಆ ವಾಕ್ಯ ಅವಳೊಳಗೆ ಇರುವೆಗಳ ಜೊತೆಯಲ್ಲೇ ಉಳಿದುಬಿಟ್ಟಿತ್ತು. ಮಗ ಬರುವವರೆಗೆ ಇಟ್ಟುಕೊಂಡೇ ಇರುತ್ತಾರೆ. ಯಾರಾದರೂ ಅಷ್ಟೆ. ಹೋದ ಜೀವ ಹೋಯಿತು, ಮಧ್ಯಾಹ್ನ ಹೊರಟರೂ ಸಂಜೆಗೆ ಮುಟ್ಟುತ್ತಾನೆ, ಮುಖ ನೋಡುತ್ತಾನೆ, ಮಾಡಬೇಕಾದ್ದು ಮಾಡುತ್ತಾನೆ. ಈಗಲೇ ಹೇಳಿದರೆ ಕಂಬದ ಮೇಲೆ ಕೈನಡುಗಿ ಬಿದ್ದರೆ? ಹೀಗೆ ಅವಳು ಒಂದೊಂದೇ ಕಾರಣ ಜೋಡಿಸುತ್ತ ಹೋದಳು. ಎಲ್ಲವೂ ಅಸಾದುಲ್ಲಾನ ಒಳ್ಳೆಯದಕ್ಕೇ ಇದ್ದವು. ಅಷ್ಟೊಂದು ಕಾರಣಗಳು ಬೇಕಾದವಲ್ಲ ಎಂಬುದೇ ಅವಳಿಗೆ ಹಿಡಿಸಲಿಲ್ಲ.

ಹತ್ತರ ಮೇಲೆ ಅವನ ಮುಚ್ಚಳ ಬಿತ್ತು. ಅವನದೆಂದರೆ ಶೃಂಗೇರಿಯದೇ ಮುಚ್ಚಳ, ಆದ್ದರಿಂದ ಆ ಮನೆಯವರ ಫೋನೇ ಬಂತೆಂದು ಒಂದು ಕ್ಷಣ ಅಂದುಕೊಂಡಳು. “ಹಲೋ ಕೊಪ್ಪ, ಹರಿಹರಪುರ ಕಂಬ. ಕೇಳ್ತದಾ ಅಕ್ಕಾ?” ತಂತಿಯಲ್ಲಿ ಗಾಳಿಯ ಗುಂಯ್ಗುಟ್ಟುವಿಕೆ, ಅದರಾಚೆ ಯಾವುದೋ ಬಸ್ಸಿನ ಹಾರನ್ನು.

“ಕೇಳ್ತದೆ.”

“ಚೆನ್ನಾಗಿ ಕೇಳ್ತದಾ?”

“ಚೆನ್ನಾಗಿ ಕೇಳ್ತದೆ ಅಸಾದುಲ್ಲಾ.”

“ಹಂಗಾದ್ರೆ ಇಲ್ಲಿವರೆಗೆ ಸರಿ ಉಂಟು. ಮುಂದೆ ಹೋಗ್ತೇನೆ. ಮುಶಿಯ ಮಂಗಗಳ ಕೆಲಸ ಇದ್ರೂ ಇರಬಹುದು, ಆಚೆ ಕಾಡಲ್ಲಿ ಒಂದು ಹಿಂಡೇ ಇದೆ. ಮರದಿಂದ ತಂತಿಗೆ ಹಾರ್ತವೆ, ತಂತಿಗೆ ತಂತಿ ಹೆಣೆದು ಕೂತ್ಕೊಳ್ತವೆ. ನಮ್ಮ ಡಿಪಾರ್ಟ್‌ಮೆಂಟಿಗಿಂತ ಅವಕ್ಕೇ ಲೈನ್ ಮೇಲೆ ಪ್ರೀತಿ ಜಾಸ್ತಿ.” ಅವನು ನಕ್ಕ. ಅವಳೂ ನಕ್ಕಳು, ಆ ನಗು ಹೆಡ್‌ಫೋನಿನಲ್ಲಿ ತನಗೇ ಕೇಳಿಸಿತು. “ಮನೆ ಕಡೆಯಿಂದ ಎಂತಾದ್ರೂ ಬಂತಾ ಅಕ್ಕಾ?”

ಬಸ್ಸಿನ ಹಾರನ್ನು ಮತ್ತೊಮ್ಮೆ ಕೇಳಿಸಿತು. ಅದು ಕೊಪ್ಪಕ್ಕೆ ಬರುವ ಬಸ್ಸೇ. ಕಂಬದಿಂದ ಇಳಿದು ಕೈ ಅಡ್ಡ ಹಿಡಿದರೆ ನಿಲ್ಲಿಸುತ್ತಾರೆ. ಇಲ್ಲಿಂದ ಎನ್ನಾರ್‌ಪುರದ ಬಸ್ಸು ಸಿಗುತ್ತದೆ. ಅವಳ ಕಣ್ಣು ಗೋಡೆಯ ಗಡಿಯಾರಕ್ಕೆ ಹೋಯಿತು, ಮೊನ್ನೆ ಆ ಮನುಷ್ಯನ ಕಣ್ಣು ಹೋದ ಹಾಗೆಯೇ.

“ಇಲ್ಲ” ಎಂದಳು.

“ಸರಿ ಹಂಗಾದ್ರೆ.” ಅವನ ದನಿ ಹಗುರವಾಯಿತು. “ಊಟಕ್ಕೆ ನಿಲ್ಲೋದಿಲ್ಲ ನಾನು. ನಿಮ್ಮ ಫೋನ್ ಬರೋ ಹೊತ್ತಿಗೆ ಲೈನ್ ಬೇಕಲ್ಲ.”

ಅವಳು ಪ್ಲಗ್ಗು ಕಿತ್ತಳು. ಇಲ್ಲ ಎಂಬ ಮಾತು ಅವಳು ದಿನಕ್ಕೆ ಎಷ್ಟು ಸಲ ಹೇಳುವ ಮಾತು! ಅವರು ಇಲ್ಲ, ಲೈನ್ ಖಾಲಿ ಇಲ್ಲ, ಉತ್ತರ ಇಲ್ಲ. ಬಾಯಿಗೆ ಎಷ್ಟು ರೂಢಿಯಾಗಿದೆಯೆಂದರೆ ಹೇಳಿದ್ದು ತಾನಲ್ಲ, ಬೋರ್ಡು ಎನ್ನಿಸಿತು. ಅಡಿಕೆ ಮಂಡಿಯವರು ಯಾರದೋ ಮೇಲೆ ಕೂಗಾಡುತ್ತಿದ್ದರು. ಆಸ್ಪತ್ರೆಯವರು ಔಷಧದ ಅಂಗಡಿ ಕೇಳಿದರು. ಪ್ರತಿಯೊಬ್ಬರನ್ನೂ ಅವಳು ಎಂದಿಗಿಂತ ಮೆತ್ತಗೆ, ಎಂದಿಗಿಂತ ಬೇಗ ಜೋಡಿಸಿಕೊಟ್ಟಳು. ಇಷ್ಟು ಒಳ್ಳೆಯ ಕೆಲಸ ಅವಳು ಈಚೆಗೆ ಮಾಡಿರಲಿಲ್ಲ.

ಹನ್ನೆರಡರ ಸುಮಾರಿಗೆ ಮತ್ತೆ ನರಸಿಂಹರಾಜಪುರ. ಮತ್ತೆ ಶರೀಫ್. ಈಗ ಅವನ ದನಿಯಲ್ಲಿ ಏದುಸಿರಿರಲಿಲ್ಲ, ಹಿಂದೆ ಬಹಳ ಜನರಿದ್ದ ಸದ್ದಿತ್ತು. “ಭಾವ ಹೊರಟ್ರಾ ಮೇಡಮ್?”

ಅವಳಿಗೆ ಆಗಲೂ ಹೇಳಬಹುದಿತ್ತು, ನಾನು ಹೇಳಲಿಲ್ಲ, ಈಗ ಹೇಳುತ್ತೇನೆ ಎಂದು. ಆದರೆ ಹರಿಹರಪುರದ ಆ ‘ಇಲ್ಲ’ ಈಗ ಎರಡು ಗಂಟೆ ಹಳೆಯದಾಗಿತ್ತು. ಅದನ್ನು ಹೊರಗೆ ತೆಗೆದರೆ ಎರಡು ಗಂಟೆಗೂ ಲೆಕ್ಕ ಕೊಡಬೇಕಿತ್ತು. “ಸಿಗ್ತಾ ಇಲ್ಲ” ಎಂದಳು. “ಲೈನೇ ಸತ್ತಿದೆಯಲ್ಲ. ಕೂಗ್ತಾನೇ ಇದೀನಿ.” ಆ ಗಳಿಗೆಯ ಮಟ್ಟಿಗೆ ಅದು ಸುಳ್ಳೂ ಆಗಿರಲಿಲ್ಲ. ಹರಿಹರಪುರದಿಂದ ಮುಂದೆ ಅವನು ಎಲ್ಲಿದ್ದಾನೋ ಅವಳಿಗೆ ನಿಜವಾಗಿ ತಿಳಿಯದು.

“ಸಿಗೋ ಹಾಗೆಯೇ ಇಲ್ವಾ?”

“ಹೇಳೋಕೆ ಬರೋದಿಲ್ಲ.”

ಶರೀಫನ ಪಕ್ಕದಲ್ಲಿ ಯಾರೋ ಹಿರಿಯರು ಏನೋ ಕೇಳಿದರು, ಅವನು ಅವರ ಭಾಷೆಯಲ್ಲಿ ಉತ್ತರ ಕೊಟ್ಟ. “ಸರಿ ಮೇಡಮ್” ಎಂದ ಕೊನೆಗೆ. “ನೀವಾದ್ರೂ ಎಂತ ಮಾಡ್ತೀರಿ. ಭಾಳ ಉಪಕಾರ ಆಯ್ತು.” ಉಪಕಾರ ಎಂಬುದು ಅವಳಿಗೆ ಚುಚ್ಚಿತು. ಆದರೂ, ಸ್ವಲ್ಪ ಸಮಯ ಸಿಕ್ಕಿತಲ್ಲ ಎಂಬ ನೆಮ್ಮದಿ ಅದಕ್ಕಿಂತ ದೊಡ್ಡದಾಗಿತ್ತು. ಕಾಯುತ್ತಾರೆ. ಮಗನಲ್ಲವೇ.

ಒಂದು ಗಂಟೆಯ ಹತ್ತಿರ ಶೃಂಗೇರಿಯ ಮುಚ್ಚಳ ಬಿತ್ತು. “ಆಯ್ತು ನೋಡಿ ಅಕ್ಕಾ!” ಅಸಾದುಲ್ಲಾನ ದನಿಯಲ್ಲಿ ದಣಿವೂ ಗೆಲುವೂ ಇತ್ತು. “ಹೇಳಿರ್ಲಿಲ್ವಾ, ಮುಶಿಯಗಳೇ. ಜಡೆ ಹೆಣೆದಂಗೆ ಹೆಣೆದಿಟ್ಟಿದ್ವು. ಈಗ ಶೃಂಗೇರಿಯೂ ಮಾತಾಡ್ತದೆ, ನೀವೂ ಮಾತಾಡ್ತೀರಿ. ಅಲ್ಲಿ ಯಾರೋ ಆಗಲೇ ಕೊಪ್ಪ ಬೇಕು ಅಂತ ಕಾಯ್ತಾ ಕೂತಿದಾರಂತೆ. ಕೊಡಕ್ಕೆ ಹೇಳ್ಲಾ?” ಹೊಸದಾಗಿ ಜೋಡಿಸಿದ ಲೈನಿನ ಮೊದಲ ಮಾತು ಸ್ಪಷ್ಟವಾಗಿದೆಯೋ ಎಂದು ಲೈನ್‌ಮನ್ ಕಂಬದ ಮೇಲೇ ಇದ್ದು ಟೆಸ್ಟ್ ಫೋನಿನಲ್ಲಿ ಕೇಳಿ ನೋಡುವುದು ವಾಡಿಕೆ. ಅದು ಅವಳಿಗೆ ಗೊತ್ತಿತ್ತು. ಮೊದಲು ಅವನಿಗೆ ಹೇಳಬೇಕು ಎಂಬುದೂ ಗೊತ್ತಿತ್ತು. ಆದರೂ, “ಕೊಡಿ” ಎಂದಳು.

ಹುಡುಗನ ಅಣ್ಣನ ದನಿ ಹತ್ತಿರದಲ್ಲೇ ಕೂತು ಮಾತಾಡಿದಷ್ಟು ಚೆನ್ನಾಗಿ ಬಂತು. “ಕೊಪ್ಪ ಎಕ್ಸ್‌ಚೇಂಜಾ? ಯಾರು, ಆಪರೇಟರಾ?”

“ಹೌದು ಸಾರ್, ಕೊಪ್ಪ.”

“ನೋಡಿಯಮ್ಮ, ನಿಮ್ಮಲ್ಲಿ ತ್ರಿಪುರಸುಂದರಿ ಅಂತ ಕೆಲಸ ಮಾಡ್ತಾರಲ್ಲ? ಅವರನ್ನ ಕರೆಯೋದೇನೂ ಬೇಡ. ಅವರ ತಂದೆಗೆ ಒಂದು ಸುದ್ದಿ ಮುಟ್ಟಿಸಬೇಕಿತ್ತು. ನಿಮ್ಮಿಂದ ಆಗ್ತದಾ?”

ತನ್ನ ದನಿಯನ್ನು ಅವರು ಗುರುತಿಸಲಿಲ್ಲ. ಗುರುತಿಸುವುದಾದರೂ ಹೇಗೆ, ಅವರೆದುರು ಅವಳಿಗೆ ದನಿಯೇ ಇರಲಿಲ್ಲವಲ್ಲ. “ಹೇಳಿ ಸಾರ್” ಎಂದಳು. “ಮುಟ್ಟಿಸ್ತೀನಿ.”

“ತೀರ್ಥಹಳ್ಳಿ ಕಡೆಯದೇ ಗಟ್ಟಿಯಾಯ್ತು ಅಂತ ಹೇಳಿಬಿಡಿ. ಬೇಜಾರು ಮಾಡ್ಕೋಬಾರ್ದು ಅಂತ. ಹುಡುಗಿ ಒಳ್ಳೇದೇ. ವಯಸ್ಸು ಸ್ವಲ್ಪ… ಅದೂ ಅಲ್ದೆ ದಿನಾ ಹತ್ತು ಜನ ಗಂಡಸರ ಹತ್ರ ಮಾತಾಡೋ ಕೆಲಸ, ನಮ್ಮಮ್ಮಂಗೆ ಅದು ಸರಿಬರಲಿಲ್ಲ. ನೀವೂ ಅದೇ ಕೆಲಸದೋರು, ತಪ್ಪು ತಿಳೀಬೇಡಿ.”

“ಇಲ್ಲ ಸಾರ್.”

“ಇವತ್ತೇ ಹೇಳಿಬಿಡಿ. ಪಾಪ, ಕಾಯ್ತಾ ಇರ್ತಾರೆ. ಇಂಥದ್ದನ್ನ ತಡ ಮಾಡಬಾರ್ದು.”

“ಮಾಡಲ್ಲ ಸಾರ್.”

ಆ ಕಡೆ ಫೋನಿಟ್ಟ ಸದ್ದಾಯಿತು. ತಂತಿಯಲ್ಲಿ ಗಾಳಿ ಮಾತ್ರ ಉಳಿಯಿತು, ಮತ್ತು ಆ ಗಾಳಿಯೊಳಗೆ ಒಬ್ಬ ಮನುಷ್ಯನ ಉಸಿರು. ಅವಳು ಹೆಡ್‌ಫೋನ್ ತೆಗೆಯಲಿಲ್ಲ. ಅಳು ಬರಬಹುದು ಎಂದು ಕಾದಳು, ಬರಲಿಲ್ಲ. ಅಸಾದುಲ್ಲಾ ಮೆಲ್ಲಗೆ, “ಅಕ್ಕಾ” ಎಂದ. “ಈ ಸಂಬಂಧ ಹೋದ್ರೂ ಚಿಂತಿಲ್ಲ, ನಿಮ್ಮ ಮನಸ್ಸು ಕೆಡಿಸ್ಕೋಬೇಡಿ. ನಿಮ್ಮ ದನಿ ಗುರ್ತು ಸಿಗದೇ ಇರೋನ ಮನೆಗೆ ಹೋಗಿ ಎಂತ ಮಾಡ್ತಿದ್ರಿ ನೀವು? ನಮ್ಮಮ್ಮಿ ನಿಮ್ಮನ್ನ ನೋಡಿ ಬಂದ ದಿನ ಮನೇಲಿ ಹೇಳಿದ್ದು ಎಂತ ಗೊತ್ತಾ? ಆ ಹುಡುಗಿ ಹೋಗೋ ಮನೆಯೋರು ಪುಣ್ಯ ಮಾಡಿರ್ಬೇಕು, ಊರಿನ ಗುಟ್ಟೆಲ್ಲ ಕೇಳ್ತಾಳೆ, ಒಂದನ್ನೂ ಹೊರಗೆ ಬಿಡೋಳಲ್ಲ ಅಂತ. ಈಗಲೂ ಕೇಳ್ತಾ ಇರ್ತಾರೆ. ಇವತ್ತು ರಾತ್ರಿ ನಾನು ಹೋದ್ರೆ ಮೊದ್ಲು ನಿಮ್ಮ ಮದುವೆ ಸುದ್ದೀನೇ ಕೇಳೋದು ನೋಡಿ.”

ನರಸಿಂಹರಾಜಪುರದ ಮುಚ್ಚಳ ಬಿತ್ತು. ಅವಳು ಅವನಿಗೆ, ಸ್ವಲ್ಪ ಇರಿ ಎಂದು ಹೇಳಿ, ಇನ್ನೊಂದು ಪ್ಲಗ್ಗು ಚುಚ್ಚಿದಳು. ಲಲಿತಮ್ಮ ಪಿಸುದನಿಯಲ್ಲಿದ್ದಳು. “ಸುಂದರೀ, ಇನ್ನು ಆ ಅಸಾದುಲ್ಲಾನ ಕೂಗ್ತಾ ಕೂರಬೇಡ. ಹೆಣ ಎತ್ತಿಬಿಟ್ರಂತೆ. ಈಗ ಇಲ್ಲೇ ರಸ್ತೇಲಿ ಹೋದ್ರು, ಕಿಟಕಿಯಿಂದ ನೋಡಿದೆ.”

“ಮಗ ಬರದೇನಾ?”

“ಅವರಲ್ಲಿ ಹಂಗೆಲ್ಲ ಇಟ್ಕೊಂಡು ಕೂರೋದಿಲ್ವಂತೆ ಮಾರಾಯ್ತಿ. ಎಷ್ಟು ಬೇಗ ಮಣ್ಣು ಮಾಡ್ತಾರೋ ಅಷ್ಟು ಒಳ್ಳೇದಂತೆ. ಹನ್ನೆರಡರವರೆಗೆ ಭಾವನಿಗೆ ಅಂತ ಶರೀಫೇ ಹಠ ಹಿಡಿದು ನಿಲ್ಲಿಸಿದ್ನಂತೆ. ಸಿಗೋದಿಲ್ಲ ಅಂತ ನೀನು ಹೇಳಿದ ಮೇಲೆ ಅವನೇ, ಇನ್ನು ಯಾಕೆ ಕಾಯೋದು, ಮಧ್ಯಾಹ್ನದ ನಮಾಜಿನ ಜೊತೇಲೇ ಮುಗಿಸಿಬಿಡಿ ಅಂದ್ನಂತೆ. ಅವನ ಮುಖ ನೋಡೋಕಾಗ್ತಿರಲಿಲ್ಲ.”

ತ್ರಿಪುರಸುಂದರಿ ಆ ಪ್ಲಗ್ಗನ್ನು ಕಿತ್ತಳು. ಕಾಯುತ್ತಾರೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅದನ್ನು ಅವಳ ಜಗಲಿ ಹೇಳಿತ್ತು, ಅಜ್ಜಿಯ ಸುತ್ತಲಿನ ಇರುವೆಗಳು ಹೇಳಿದ್ದವು. ಇಷ್ಟು ವರ್ಷ ಜೊತೆಯಲ್ಲಿ ಕೆಲಸ ಮಾಡಿದವನ ಮನೆಯಲ್ಲಿ ಸತ್ತವರನ್ನು ಹೇಗೆ ಕಳಿಸಿಕೊಡುತ್ತಾರೆ ಎಂದು ಅವಳು ಒಮ್ಮೆಯೂ ಕೇಳಿರಲಿಲ್ಲ. ಅವನು ಅವಳ ಮನೆಯ ಹಬ್ಬಗಳ ಹೆಸರನ್ನೆಲ್ಲ ಬಲ್ಲ.

ಶೃಂಗೇರಿಯ ಲೈನಿಗೆ ತಿರುಗಿ, “ಅಸಾದುಲ್ಲಾ” ಎಂದಳು.

“ಹೇಳಿ ಅಕ್ಕಾ. ಕೇಳ್ತಾ ಇದೀನಿ.”

“ನಿಮ್ಮಮ್ಮಿ ಹೋಗಿಬಿಟ್ರಂತೆ.”

ಗಾಳಿ. ಎಲ್ಲೋ ಮರಕುಟಿಗನ ಸದ್ದು. “ಯಾವಾಗ?”

“ಬೆಳಿಗ್ಗೆ.”

“ಸುದ್ದಿ ಯಾವಾಗ ಬಂತು?”

ಈಗ ತಾನೇ ಎನ್ನುವುದು ಸುಲಭವಿತ್ತು. ಈಗ ತಾನೇ ಒಂದು ಮುಚ್ಚಳ ಬಿದ್ದದ್ದು ಅವನಿಗೂ ಗೊತ್ತು. ಆದರೆ ಅವಳೊಳಗೆ ಸುಳ್ಳು ಹೇಳುವ ಶಕ್ತಿ ಇದ್ದದ್ದೆಲ್ಲ ಆ ಫೋನಿಗಾಗಿ ಇತ್ತು, ಆ ಫೋನು ಬಂದು ಹೋಗಿತ್ತು. “ಬೆಳಿಗ್ಗೆಯೇ” ಎಂದಳು.

“ನಾನು ಹರಿಹರಪುರದಲ್ಲಿ ಕೇಳಿದಾಗ?”

“ಹೌದು. ಗೊತ್ತಿತ್ತು.” ಆಮೇಲೆ ಉಳಿದದ್ದನ್ನೂ ಹೇಳಿದಳು; ಶರೀಫನಿಗೆ ತಾನು ಏನು ಹೇಳಿದೆ, ಅವರು ಏನು ಮಾಡಿದರು, ಈಗ ಎಲ್ಲಿಯವರೆಗೆ ಹೋಗಿರಬಹುದು. ಎಲ್ಲವನ್ನೂ ಟ್ರಂಕ್ ಕಾಲಿನ ಸುದ್ದಿ ಓದಿ ಹೇಳುವ ದನಿಯಲ್ಲೇ ಹೇಳಿದಳು, ಬೇರೆ ದನಿ ಅವಳ ಹತ್ತಿರ ಇರಲಿಲ್ಲ. ಅವನು ತಂತಿಯಿಂದ ಟೆಸ್ಟ್ ಫೋನಿನ ಕೊಂಡಿ ಬಿಡಿಸಿಕೊಂಡ ಸದ್ದು ಕೇಳಿತು. ಅದಾದ ಮೇಲೆ ಶೃಂಗೇರಿಯವರೆಗಿನ ಲೈನು ಒಂದಿಷ್ಟೂ ಕರಕರ ಇಲ್ಲದೆ ಶುದ್ಧವಾಗಿ ಉಳಿಯಿತು.

ಎರಡು ಗಂಟೆಗೆ ಮುಂದಿನ ಪಾಳಿಯ ಗಣೇಶಮೂರ್ತಿ ಬಂದು, “ಎಂತ, ಸಿಹಿ ಗಿಹಿ ಉಂಟಾ?” ಎಂದ. ಅವಳು ಹೆಡ್‌ಫೋನನ್ನು ಅವನ ಕೈಗೆ ಕೊಟ್ಟು ಬಸ್‌ಸ್ಟ್ಯಾಂಡಿಗೆ ನಡೆದಳು. ಮನೆಗೆ ಹೋದರೆ ಅಪ್ಪ ಗೇಟಿನಲ್ಲಿ ನಿಂತಿರುತ್ತಾನೆ. ಆ ಸುದ್ದಿ ತಡವಾದರೆ ಯಾರ ಮುಖವೂ ತಪ್ಪಿ ಹೋಗುವುದಿಲ್ಲ. ಎನ್ನಾರ್‌ಪುರದ ಬಸ್ಸಿನಲ್ಲಿ ಕೂತು, ಅವರಿಗೆಲ್ಲ ಹೇಳಿಬಿಡುತ್ತೇನೆ, ನಾನೇ ಎಂದು ಹೇಳಿಬಿಡುತ್ತೇನೆ, ಏನು ಬೇಕಾದರೂ ಅನ್ನಲಿ ಎಂದು ನಿಶ್ಚಯ ಮಾಡಿಕೊಂಡಳು. ಏನೇನು ಅನ್ನಬಹುದೆಂದು ಕಲ್ಪಿಸಿಕೊಳ್ಳುತ್ತ ಹೋದ ಹಾಗೆ ಅವಳಿಗೆ ಒಂದು ಬಗೆಯ ಸಮಾಧಾನವೂ ಆಗತೊಡಗಿತು. ಆಗುತ್ತಿದೆಯಲ್ಲ ಎಂದು ನಾಚಿಕೆಯೂ ಆಯಿತು.

ಮನೆಯ ಮುಂದೆ ಗಂಡಸರು ಬೆಂಚುಗಳ ಮೇಲೆ ಕೂತಿದ್ದರು. ಅವರ ಚಪ್ಪಲಿಗಳಲ್ಲಿ ಕೆಮ್ಮಣ್ಣು ಮೆತ್ತಿತ್ತು. ಅಸಾದುಲ್ಲಾ ಯಾವುದೋ ಲಾರಿ ಹಿಡಿದು ಅವಳಿಗಿಂತ ಸ್ವಲ್ಪ ಮೊದಲು ಬಂದಿದ್ದ; ಕಂಬ ಹತ್ತುವ ಖಾಕಿ ಅಂಗಿಯಲ್ಲೇ, ಒಂದು ಮೂಲೆಯಲ್ಲಿ, ಮಂಡಿಯ ಮೇಲೆ ಕೈಯಿಟ್ಟು ಕೂತಿದ್ದ. ಅವಳನ್ನು ಕಂಡು ಶರೀಫ್ ಎದ್ದು ಬಂದ. ಅವನ ಕಣ್ಣು ಕೆಂಪಾಗಿತ್ತು. “ಬಂದ್ರಾ ಮೇಡಮ್” ಎಂದ, ಉಳಿದವರಿಗೆ ತಿರುಗಿ, “ಕೊಪ್ಪದ ಮೇಡಮ್ಮೋರು ಇವರೇ. ಬೆಳಿಗ್ಗೆಯಿಂದ ಭಾವನ್ನ ಕೂಗೀ ಕೂಗೀ ಸಾಕಾಗಿದಾರೆ” ಎಂದ. ಹಿರಿಯರೊಬ್ಬರು ಎದ್ದು ಜಾಗ ಕೊಟ್ಟರು. ಅವಳು ಕೂರಲಿಲ್ಲ. “ಇಲ್ಲ, ಹಾಗಲ್ಲ, ನಾನು…” ಎಂದು ಬಾಯಿ ತೆರೆದಳು.

“ಲೈನ್ ಸತ್ತಿತ್ತು” ಎಂದ ಅಸಾದುಲ್ಲಾ ಮೂಲೆಯಿಂದ. ತಲೆ ಎತ್ತಲಿಲ್ಲ. “ಹರಿಹರಪುರದಿಂದಾನೇ ಸತ್ತಿತ್ತು. ಅವರು ಕೂಗಿದ್ದು ನನಗೆ ಕೇಳೋ ಹಾಗೆ ಇರ್ಲಿಲ್ಲ.”

ಶರೀಫ್ ಮುಖ ಮುಚ್ಚಿಕೊಂಡು ಕೂತುಬಿಟ್ಟ. ಪಕ್ಕದವರು ಅವನ ಬೆನ್ನು ಸವರಿದರು. ಒಳಗಿನಿಂದ ಅಸಾದುಲ್ಲಾನ ಹೆಂಡತಿ ಗುಲ್ಜಾರ್ ಬೇಗಂ ಬಂದು ಅವಳನ್ನು ಹೆಂಗಸರ ಕಡೆ ಕರೆದುಕೊಂಡು ಹೋದಳು. ಮಂಚವನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದರು. ನೆಲ ಇನ್ನೂ ಒದ್ದೆಯಿತ್ತು. ಸಾವಿನ ಮನೆಯಲ್ಲಿ ಒಲೆ ಹೊತ್ತಿಸಿರಲಿಲ್ಲ, ನೆರೆಯವರು ಪಾತ್ರೆಗಳಲ್ಲಿ ತಂದಿಟ್ಟಿದ್ದರು. ಗುಲ್ಜಾರ್ ಆ ಪಾತ್ರೆಗಳ ಕಡೆ ನೋಡಿ, ಮತ್ತೆ ಇವಳನ್ನು ನೋಡಿ, ಯಾರನ್ನೋ ಕೂಗಿ ಎಳನೀರು ಕೆತ್ತಿಸಿ ತರಿಸಿದಳು. “ಇದಾದ್ರೆ ನಿಮಗೆ ತೊಂದ್ರೆ ಇಲ್ಲ ಅಲ್ವಾ” ಎಂದಳು. ತಾಯಿಯಂಥ ಅತ್ತೆಯನ್ನು ಕಳೆದುಕೊಂಡ ದಿನವೂ ಬಂದವಳ ಜಾತಿಯ ಮಡಿ ನೆನಪಿಟ್ಟುಕೊಂಡ ಆ ಹೆಂಗಸಿನ ಎದುರು ತ್ರಿಪುರಸುಂದರಿ ಎಳನೀರನ್ನು ಔಷಧದಂತೆ ಕುಡಿದಳು.

ಸಂಜೆಯ ಬಸ್ಸಿಗೆ ಅಸಾದುಲ್ಲಾನೇ ಜೊತೆಗೆ ಬಂದ. ಅತಿಥಿಯನ್ನು ಬಸ್ಸಿಗೆ ಬಿಡುವುದು ಮನೆಯವರ ಮರ್ಯಾದೆ. ಎರಡು ಮಾರು ಅಂತರ ಬಿಟ್ಟು ನಡೆಯುತ್ತಿದ್ದ. ದಾರಿಯಲ್ಲಿ ಜನ ಕಡಿಮೆಯಾದ ಮೇಲೆ ಅವಳು, “ಯಾಕೆ ಹಾಗೆ ಹೇಳಿದ್ರಿ? ನಾನು ಹೇಳೋಕೇ ಬಂದಿದ್ದೆ” ಎಂದಳು.

“ಗೊತ್ತಾಯ್ತು.”

“ಮತ್ತೆ?”

“ನಿಮ್ಮನ್ನ ಉಳಿಸೋಕೆ ಹೇಳಿದ್ದಲ್ಲ ಮೇಡಮ್ ಅದು.” ಅವನು ಅವಳನ್ನು ಹಾಗೆ ಕರೆದದ್ದು ಇದೇ ಮೊದಲು. “ಮಣ್ಣು ಮಾಡಿ ಅಂತ ಬಾಯಿಬಿಟ್ಟು ಹೇಳ್ದೋನು ಶರೀಫು. ನಾನು ಸಿಗ್ತಿದ್ದೆ, ಬರ್ತಿದ್ದೆ ಅಂತ ಅವನಿಗೆ ಗೊತ್ತಾದ್ರೆ ಅವನು ಸಾಯೋವರೆಗೂ ನನ್ನ ಮುಖ ನೋಡಲ್ಲ. ನನ್ನ ತಂಗಿ ಬಾಳಬೇಕಲ್ಲ ಆ ಮನೇಲಿ.”

ಅವಳು ನಿಂತಳು. ಕಣ್ಣು ಈಗ ತುಂಬಿ ಬಂತು. “ನನಗೆ ಬೈಯಿರಿ ಅಸಾದುಲ್ಲಾ. ಬಾಯಿಗೆ ಬಂದದ್ದು ಬೈಯಿರಿ.”

ಅವನು ಅವಳನ್ನು ಆ ದಿನ ಮೊದಲ ಬಾರಿಗೆ ನೇರವಾಗಿ ನೋಡಿದ. ನೋಟದಲ್ಲಿ ಸಿಟ್ಟಿರಲಿಲ್ಲ, ಎಲ್ಲಿ ಕೆಟ್ಟಿದೆಯೆಂದು ತಿಳಿಯದ ಲೈನನ್ನು ನೋಡುವ ಹಾಗೆ ನೋಡಿದ. “ಬೈದ್ರೆ ನಿಮಗೆ ಹಗುರ ಆಗ್ತದೆ” ಎಂದ. “ಇವತ್ತು ಇನ್ನೊಬ್ರಿಗೆ ಹಗುರ ಮಾಡೋ ತಾಕತ್ತು ನನ್ನಲ್ಲಿಲ್ಲ.”

ಬಸ್ಸು ಬಂತು. ಅವನು ಮುಂದೆ ಹೋಗಿ ಕಂಡಕ್ಟರನಿಗೆ, “ಕೊಪ್ಪದ ಎಕ್ಸ್‌ಚೇಂಜ್ ಮೇಡಮ್ಮೋರು. ಬಸ್‌ಸ್ಟ್ಯಾಂಡಿಗೆ ಮೊದ್ಲೇ ಅವರ ಮನೆ ಹತ್ರ ಇಳಿಸು, ಕತ್ತಲಾಗ್ತದೆ” ಎಂದು ಹೇಳಿ, ಕಿಟಕಿಯ ಪಕ್ಕದ ಸೀಟು ಕೊಡಿಸಿದ. ಅವಳು ಕೂತು ತಿರುಗಿ ನೋಡುವಷ್ಟರಲ್ಲಿ ಅವನು ರಸ್ತೆ ದಾಟಿದ್ದ. ಮನೆಯ ಕಡೆಗೆ ಹೋಗಲಿಲ್ಲ. ಬೆಳಕು ಇನ್ನೂ ಸ್ವಲ್ಪ ಉಳಿದಿತ್ತು. ಆ ಬೆಳಕಿನಲ್ಲಿ ಅವನು, ದಾರಿಯಲ್ಲಿ ಸಿಕ್ಕವರೊಬ್ಬರನ್ನು ನಿಲ್ಲಿಸಿ, ಯಾವ ಕಡೆ, ಎಷ್ಟನೇ ಸಾಲು ಎಂದು ಕೈ ಮಾಡಿ ಕೇಳುತ್ತಿರುವುದು ಕಾಣಿಸಿತು. ತಾಯಿಯ ಗೋರಿ ಎಲ್ಲಿದೆಯೆಂದು ಅವನು ಬೇರೆಯವರನ್ನು ಕೇಳಿ ತಿಳಿದುಕೊಳ್ಳಬೇಕಾಗಿತ್ತು. ಆ ಮನುಷ್ಯ ಖಬರಸ್ತಾನದ ಗೋಡೆಯ ಕಡೆ ಕೈ ತೋರಿಸಿದ.